ಒಂದೇ ಪೋರ್ಟಿನಲ್ಲಿ ಹಲವು ಸೇವೆ: ಮೊದಲು ಮಾತಾಡುವವರು ಯಾರು?

ಪೋರ್ಟ್ ಎಂದರೇನು, ಸ್ಥಿರ ಐಪಿ ವಿಳಾಸ ಎಂದರೇನು ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ. ಸ್ವಂತ ಸರ್ವರ್ ಇಟ್ಟುಕೊಂಡವರಿಗೆ ಅಷ್ಟು ತಿಳಿದಿರಬೇಕು. ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಬೇರೆ ಬೇರೆ ಮಾತಿನಲ್ಲಿ ಕೇಳಿವೆ. ಕೇಳಿದವರಲ್ಲಿ ಕೆಲವರಿಗೆ ಯಾರೋ ಈಗಾಗಲೇ ತಪ್ಪು ಉತ್ತರ ಕೊಟ್ಟು ದುಡ್ಡನ್ನೂ ಪಡೆದಿದ್ದಾರೆ. ಆದ್ದರಿಂದ ಆ ಒಂದು ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ.

ಪ್ರಶ್ನೆ: ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನಮ್ಮದೊಂದು ಸಣ್ಣ ಕಾರ್ಖಾನೆ ಇದೆ. ಸ್ಥಿರ ಐಪಿ ವಿಳಾಸ ಒಂದೇ, ಅದರ 443ನೇ ಪೋರ್ಟಿನಲ್ಲಿ ವೆಬ್‌ಸೈಟ್ ಓಡುತ್ತಿದೆ. ನಮ್ಮ ಹುಡುಗರು ಕೆಲಸಕ್ಕೆ ಹೋಗುವ ಕಂಪನಿಗಳ ಜಾಲದಲ್ಲಿ 443 ಬಿಟ್ಟು ಉಳಿದ ಪೋರ್ಟುಗಳೆಲ್ಲ ಬಂದ್ ಆಗಿರುತ್ತವೆ. ಬಿಲ್ಲಿಂಗ್, ಮೇಲ್, ದೂರದಿಂದ ಸರ್ವರಿನೊಳಗೆ ಹೊಕ್ಕು ಕೆಲಸ ಮಾಡುವ ಎಸ್‌ಎಸ್‌ಎಚ್ ಮೂರನ್ನೂ ಅದೇ ಪೋರ್ಟಿನಲ್ಲಿ ನಡೆಸಬಹುದೇ? ಎಸ್‌ಎಸ್‌ಎಚ್‌ಗೆ 443 ಕೊಟ್ಟರೆ ವಿಳಾಸ ಈಗಾಗಲೇ ಬಳಕೆಯಲ್ಲಿದೆ ಎಂಬ ದೋಷ ಬರುತ್ತಿದೆ.

ಉತ್ತರ: ಆ ದೋಷ ಸಂದೇಶ ಸುಳ್ಳು ಹೇಳುತ್ತಿಲ್ಲ. ಒಂದು ಐಪಿ ವಿಳಾಸದ ಒಂದು ಟಿಸಿಪಿ ಪೋರ್ಟಿನಲ್ಲಿ ಕಿವಿಗೊಟ್ಟು ಕೂರುವ ಹಕ್ಕು ಸಾಮಾನ್ಯವಾಗಿ ಒಂದೇ ಪ್ರೋಗ್ರಾಮಿಗೆ ಇರುತ್ತದೆ. ಎರಡನೆಯದು ಬಂದು ಅದೇ ಜಾಗ ಕೇಳಿದರೆ ಕರ್ನೆಲ್ (ಕಾರ್ಯಾಚರಣೆ ವ್ಯವಸ್ಥೆಯ ತಿರುಳು) ಅದನ್ನು ಹಿಂದಕ್ಕೆ ಕಳಿಸುತ್ತದೆ. ಎರಡು ಬೇರೆ ಸೇವೆಗಳನ್ನು ಅಲ್ಲಿ ಅಕ್ಕಪಕ್ಕ ಕೂರಿಸುವ ಗುಟ್ಟಿನ ಸೆಟ್ಟಿಂಗ್ ಇದೆಯೆಂದು ಹೇಳಿ ಹಣ ಕೇಳಿದವರಿಗೆ ಚಹಾ ಕುಡಿಸಿ ಕಳಿಸಿರಿ. ಆದರೂ ನಿಮ್ಮ ಕೆಲಸ ಆಗುತ್ತದೆ. 443ರಲ್ಲಿ ಕೂರುವ ಆ ಒಂದೇ ಪ್ರೋಗ್ರಾಮನ್ನು ದ್ವಾರಪಾಲಕನನ್ನಾಗಿ ಮಾಡಿ, ಬಂದ ಸಂಪರ್ಕದ ಮೊದಲ ಮಾತನ್ನು ಕೇಳಿಸಿಕೊಂಡು, ಒಳಗೆ ಬೇರೆ ಬೇರೆ ಪೋರ್ಟುಗಳಲ್ಲಿ ಇರುವ ಸೇವೆಗಳಿಗೆ ಅದನ್ನು ದಾಟಿಸುವಂತೆ ಏರ್ಪಾಡು ಮಾಡಬೇಕು.

ಬಾಯಿ ತೆರೆದ ಕೂಡಲೇ ಮನುಷ್ಯ ಧಾರವಾಡದವನೋ ಮಂಗಳೂರಿನವನೋ ಎಂದು ನಮಗೆ ತಿಳಿಯುತ್ತದಲ್ಲ, ಇದೂ ಹಾಗೆಯೇ. ಎಸ್‌ಎಸ್‌ಎಚ್ ಕ್ಲೈಂಟ್ ತನ್ನ ಹೆಸರನ್ನೂ ಆವೃತ್ತಿಯನ್ನೂ ಬಿಚ್ಚಿದ ಅಕ್ಷರಗಳಲ್ಲಿಯೇ ಹೇಳಿ ಮಾತು ಆರಂಭಿಸುತ್ತದೆ. ವೆಬ್ ತಾಣಗಳು ಬಳಸುವ ಗೂಢಲಿಪಿಯ ಟಿಎಲ್‌ಎಸ್ ಸಂಪರ್ಕದ ಮೊದಲ ಬೈಟಿನ ಬೆಲೆ ಯಾವಾಗಲೂ 22 ಆಗಿರುತ್ತದೆ (ಎಸ್‌ಎಸ್‌ಎಚ್‌ನ ಪೋರ್ಟ್ ಸಂಖ್ಯೆಯೂ 22 ಆಗಿರುವುದು ಕೇವಲ ಕಾಕತಾಳೀಯ). ಅದರ ಜೊತೆಗೆ, ತಾನು ಯಾವ ಹೆಸರಿನ ತಾಣವನ್ನು ಹುಡುಕಿಕೊಂಡು ಬಂದಿದ್ದೇನೆ ಎಂಬುದನ್ನೂ ಬ್ರೌಸರ್ ಆ ಮೊದಲ ಸಂದೇಶದಲ್ಲಿಯೇ ತಿಳಿಸುತ್ತದೆ. 2003ರಲ್ಲಿ ಬಂದ ಎಸ್‌ಎನ್‌ಐ ಎಂಬ ಈ ವಿಸ್ತರಣೆಯಿಂದಾಗಿಯೇ ಒಂದೇ ವಿಳಾಸದ 443ರಲ್ಲಿ, ಬೇರೆ ಬೇರೆ ಪ್ರಮಾಣಪತ್ರಗಳಿರುವ ಹತ್ತಾರು ತಾಣಗಳು ಇಂದು ಇರಬಲ್ಲವು. ಆದ್ದರಿಂದ ನಿಮ್ಮ ಬಿಲ್ಲಿಂಗ್ ಬ್ರೌಸರಿನಲ್ಲಿ ತೆರೆಯುವಂಥದ್ದಾದರೆ ಅದಕ್ಕೊಂದು ಉಪಹೆಸರು ಕೊಟ್ಟು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರಿನಲ್ಲಿ ಇನ್ನೊಂದು ಸರ್ವರ್ ವಿಭಾಗ ಬರೆದರೆ ಸಾಕು. ಅದು ಅರ್ಧ ತಾಸಿನ ಕೆಲಸ. ಅದಕ್ಕಾಗಿ ಎರಡನೆಯ ಐಪಿ ವಿಳಾಸ ಕೊಳ್ಳಬೇಡಿರಿ.

ತೊಡಕು ಇರುವುದು ಬಾಯಿ ಬಿಡದ ಅತಿಥಿಗಳಲ್ಲಿ. ಎಸ್‌ಎಂಟಿಪಿ (ಮೇಲ್), ಎಫ್‌ಟಿಪಿ (ಕಡತ ಸಾಗಣೆ), ಮೈಎಸ್‌ಕ್ಯೂಎಲ್ (ದತ್ತಸಂಚಯ) ಮುಂತಾದ ನಿಯಮಾವಳಿಗಳಲ್ಲಿ ಮೊದಲು ಮಾತಾಡಬೇಕಾದದ್ದು ಸರ್ವರ್. ಬಂದವನು ಸುಮ್ಮನೆ ನಿಂತಿರುತ್ತಾನೆ, ದ್ವಾರಪಾಲಕನೂ ಅವನ ಮಾತಿಗಾಗಿ ಕಾಯುತ್ತಾನೆ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತ ನಿಲ್ಲುತ್ತಾರೆ. ಕೆಲವು ಸೆಕೆಂಡು ಕಾದರೂ ಮಾತು ಬರದಿದ್ದರೆ ಮೊದಲೇ ಗೊತ್ತು ಮಾಡಿದ ಒಂದು ಸೇವೆಗೆ ಒಪ್ಪಿಸಬಹುದು, ಅಷ್ಟೆ. ಅಂಥ ಮೌನಿಗಳು ಎರಡು ಬಗೆಯವರಿದ್ದರೆ ಯಾರು ಯಾರೆಂದು ಹೇಳಲು ದಾರಿಯೇ ಇಲ್ಲ. ನಿಮ್ಮ ಮೇಲ್ ಕ್ಲೈಂಟ್ ಆರಂಭದಿಂದಲೇ ಟಿಎಲ್‌ಎಸ್ ಮುಸುಕಿನಲ್ಲಿ ಮಾತಾಡಿ ಎಸ್‌ಎನ್‌ಐ ಹೆಸರನ್ನೂ ಕಳಿಸುವಂಥದ್ದಾದರೆ ಆ ಹೆಸರಿನಿಂದ ಗುರುತಿಸಿ ದಾಟಿಸಬಹುದು. ಮೊದಲು ಬಿಚ್ಚುಮಾತು, ಆಮೇಲೆ ಮುಸುಕು ಎಂಬ ಸ್ಟಾರ್ಟ್‌ಟಿಎಲ್‌ಎಸ್ ಪದ್ಧತಿಯಲ್ಲಿ ಆಗದು. ಇನ್ನು ಹೊರಗಿನ ಮೇಲ್ ಸರ್ವರುಗಳು ನಿಮಗೆ ಪತ್ರ ತಲುಪಿಸಲು 25ನೇ ಪೋರ್ಟಿಗೇ ಬರುತ್ತವೆ. ನಿಮ್ಮ ಮೇಲ್ ಸರ್ವರ್ ಯಾವುದೆಂದು ಹೇಳುವ ಡಿಎನ್‌ಎಸ್‌ನ ಎಂಎಕ್ಸ್ ದಾಖಲೆಯಲ್ಲಿ ಪೋರ್ಟ್ ಸಂಖ್ಯೆ ಬರೆಯಲು ಜಾಗವೇ ಇಲ್ಲದಿರುವುದರಿಂದ ಅದನ್ನು ಸ್ಥಳಾಂತರಿಸುವ ಆಸೆ ಬಿಡಿರಿ.

ಎಸ್‌ಎಸ್‌ಎಚ್ ಮತ್ತು ವೆಬ್ ಎರಡನ್ನು ಬೇರ್ಪಡಿಸಲು ಎಸ್‌ಎಸ್‌ಎಲ್‌ಎಚ್ ಎಂಬ ಚಿಕ್ಕ ಪ್ರೋಗ್ರಾಮ್ ಇದೆ. ಎಚ್‌ಎ ಪ್ರಾಕ್ಸಿಯಿಂದಲೂ ಆಗುತ್ತದೆ. ಎಂಜಿನ್‌ಎಕ್ಸ್ ಈಗಾಗಲೇ ಇದ್ದವರಿಗೆ ಹೊಸದೇನೂ ಬೇಕಿಲ್ಲ. ಅದರ ಸ್ಟ್ರೀಮ್ ವಿಭಾಗದಲ್ಲಿ ಮೊದಲ ಮಾತನ್ನು ಇಣುಕಿ ಓದುವ ಪ್ರೀರೀಡ್ ಸೌಲಭ್ಯವು 2018ರ 1.15.2 ಆವೃತ್ತಿಯಿಂದೀಚೆಗೆ, ಒಳಬಂದ ಸಂಪರ್ಕ ಟಿಎಲ್‌ಎಸ್ ಹೌದೋ ಅಲ್ಲವೋ ಎಂಬುದನ್ನೂ ಹೇಳುತ್ತದೆ. ಅಲ್ಲವಾದರೆ ಎಸ್‌ಎಸ್‌ಎಚ್‌ಗೆ, ಹೌದಾದರೆ 127.0.0.1ರ (ಯಂತ್ರ ತನ್ನನ್ನೇ ಕರೆದುಕೊಳ್ಳುವ ವಿಳಾಸ) 8443ನೇ ಪೋರ್ಟಿಗೆ ಸರಿಸಿದ ವೆಬ್ ಸೇವೆಗೆ ಕಳಿಸಬೇಕು.

ಇಲ್ಲಿಯವರೆಗಿನದನ್ನು ಎಲ್ಲರೂ ಮಾಡುತ್ತಾರೆ. ಮುಂದಿನದನ್ನು ಬಹುತೇಕರು ಮರೆಯುತ್ತಾರೆ. ಮಧ್ಯದಲ್ಲಿ ದ್ವಾರಪಾಲಕ ನಿಂತ ಮೇಲೆ ಒಳಗಿನ ಸೇವೆಗೆ ಕಾಣುವುದು ಅವನ ಮುಖವೇ ಹೊರತು ಬಂದವರದ್ದಲ್ಲ. ಜಗತ್ತಿನ ಯಾವ ಮೂಲೆಯಿಂದ ಬಂದರೂ ಲಾಗ್‌ನಲ್ಲಿ 127.0.0.1 ಎಂದೇ ಬರೆದಿರುತ್ತದೆ. ಪಾಸ್‌ವರ್ಡ್ ಊಹಿಸುತ್ತ ಬಾಗಿಲು ಬಡಿಯುವವರನ್ನು ತಡೆಯಲು ನೀವು ಇಟ್ಟ ಫೇಲ್‌2ಬ್ಯಾನ್ ಸ್ವಂತ ಯಂತ್ರದ ವಿಳಾಸವನ್ನು ತಾನಾಗಿ ಬಿಟ್ಟುಬಿಡುವುದರಿಂದ ಯಾರನ್ನೂ ತಡೆಯುವುದಿಲ್ಲ. ಓಪನ್‌ಎಸ್‌ಎಸ್‌ಎಚ್‌ನ ಕತೆ ಇದಕ್ಕೆ ತಿರುಗುಮುರುಗು: 2024ರ 9.8 ಆವೃತ್ತಿಯಿಂದ ಅದು ಪದೇ ಪದೇ ತಪ್ಪುವ ವಿಳಾಸಕ್ಕೆ ತಾನೇ ದಂಡ ವಿಧಿಸುತ್ತದೆ, ಆ ವಿಳಾಸ ಎಲ್ಲರಿಗೂ ಒಂದೇ ಆದಾಗ ಕಳ್ಳನ ದಂಡವನ್ನು ಮನೆಯವರೂ ಕಟ್ಟಬೇಕಾಗುತ್ತದೆ. ವೆಬ್ ಸೇವೆಗಾದರೆ ಪ್ರಾಕ್ಸಿ ಪ್ರೊಟೊಕಾಲ್ ಬಳಸಿ ನಿಜವಾದ ವಿಳಾಸವನ್ನು ಒಳಗೆ ದಾಟಿಸಬಹುದು. ಎಸ್‌ಎಸ್‌ಎಚ್ ಸರ್ವರಿಗೆ ಆ ಭಾಷೆ ಬಾರದು. ಅದಕ್ಕೆ ಬಂದವರ ವಿಳಾಸವನ್ನು ಹಾಗೆಯೇ ಉಳಿಸುವ ಎಸ್‌ಎಸ್‌ಎಲ್‌ಎಚ್‌ನ ಪಾರದರ್ಶಕ ವಿಧಾನ ಮತ್ತು ಕರ್ನೆಲ್ಲಿನ ರೌಟಿಂಗ್ ನಿಯಮಗಳು ಬೇಕು. ಅಷ್ಟು ಮಾಡಲಾಗದಿದ್ದರೆ ಪಾಸ್‌ವರ್ಡ್ ಪ್ರವೇಶವನ್ನು ಪೂರ್ತಿ ನಿಲ್ಲಿಸಿ ಕೀಲಿಕಡತದ ಪ್ರವೇಶವನ್ನಷ್ಟೇ ಉಳಿಸಿಕೊಳ್ಳಿರಿ. ಇದರಲ್ಲಿ ರಾಜಿ ಇಲ್ಲ.

ಎಸ್‌ಎಸ್‌ಎಚ್ ಅನ್ನು 443ರಲ್ಲಿಟ್ಟರೆ ಅಡಗಿಸಿಟ್ಟಂತೆ ಎಂಬುದೂ ಭ್ರಮೆ. ಪ್ಯಾಕೆಟ್ಟಿನ ಒಳಗೆ ಇಣುಕುವ ಫೈರ್‌ವಾಲ್‌ಗೆ ಮೊದಲ ಸಾಲಿನಲ್ಲಿಯೇ ಅದರ ಗುರುತು ಸಿಗುತ್ತದೆ. ಇನ್ನೊಬ್ಬರ ಜಾಲದಲ್ಲಿ ಕುಳಿತು ಅವರ ನಿರ್ಬಂಧವನ್ನು ದಾಟುವ ಮೊದಲು ಆ ಕಂಪನಿಯ ಜಾಲ ನೋಡಿಕೊಳ್ಳುವವರಿಂದ ಒಪ್ಪಿಗೆ ಪಡೆಯಿರಿ, ಬರವಣಿಗೆಯಲ್ಲಿ. ಒಪ್ಪಿಗೆ ಕೇಳಿದಾಗ ಬೇರೊಂದು ಪೋರ್ಟನ್ನೇ ತೆರೆದುಕೊಟ್ಟ ಉದಾಹರಣೆಗಳನ್ನು ನಾನು ಕಂಡಿದ್ದೇನೆ. ಆಗ ಮೇಲಿನ ಏರ್ಪಾಡಿನ ಅಗತ್ಯವೇ ಬೀಳುವುದಿಲ್ಲ. ಟಿಸಿಪಿಯಲ್ಲದೆ ಯುಡಿಪಿ ಎಂಬ ಇನ್ನೊಂದು ಸಾಗಣೆ ವಿಧಾನವನ್ನೂ ಬಿಡುವ ಜಾಲವಾದರೆ ನಾನು ವೈರ್‌ಗಾರ್ಡ್ ಎಂಬ ವಿಪಿಎನ್ (ಗೂಢಲಿಪಿಯ ಖಾಸಗಿ ಸುರಂಗ) ಹಾಕಿ ಎಸ್‌ಎಸ್‌ಎಚ್ ಅನ್ನು ಅದರ ಒಳಗಿಡುತ್ತೇನೆ. ಕೀಲಿ ಇಲ್ಲದವರ ಪ್ಯಾಕೆಟ್ಟಿಗೆ ವೈರ್‌ಗಾರ್ಡ್ ಉತ್ತರವನ್ನೇ ಕೊಡುವುದಿಲ್ಲ.

ಕೊನೆಯದಾಗಿ ಒಂದು ಎಚ್ಚರಿಕೆ, ಇದು ಪೆಟ್ಟು ತಿಂದು ಕಲಿತದ್ದು. ಹಾವೇರಿಯಲ್ಲಿದ್ದ ಒಂದು ಸರ್ವರಿನ ದ್ವಾರಪಾಲಕನ ಸಂರಚನೆಯನ್ನು ನಾನು ಹುಬ್ಬಳ್ಳಿಯಲ್ಲಿ ಕುಳಿತು, ಅದೇ ದ್ವಾರಪಾಲಕನ ಮೂಲಕ ಒಳಹೊಕ್ಕು ತಿದ್ದುತ್ತಿದ್ದೆ. ಒಂದು ಅರ್ಧವಿರಾಮ ಚಿಹ್ನೆ ಬಿಟ್ಟುಹೋಗಿತ್ತು. ಸೇವೆಯನ್ನು ಮರುಪ್ರಾರಂಭಿಸಿದಾಗ ಹಳೆಯದು ನಿಂತಿತು, ಹೊಸದು ಏಳಲಿಲ್ಲ. ವೆಬ್‌ಸೈಟಿನ ಜೊತೆಗೆ ನಾನೂ ಹೊರಗೆ ಬಿದ್ದೆ. ಅಂದು ಸಂಜೆಯ ಬಸ್ಸು ಹತ್ತಿ ಹೋಗಿ ಕೀಬೋರ್ಡ್ ಹಚ್ಚಿ ಒಂದೇ ಚಿಹ್ನೆ ಒತ್ತಿ ಬಂದೆ. ಈಗ ಸಂರಚನೆಯನ್ನು ಮೊದಲು ಪರೀಕ್ಷಿಸದೆ ಮರುಪ್ರಾರಂಭಿಸುವುದಿಲ್ಲ, ನನ್ನ ಮನೆಯ ವಿಳಾಸಕ್ಕಷ್ಟೇ ತೆರೆದಿರುವ ಎರಡನೆಯ ಎಸ್‌ಎಸ್‌ಎಚ್ ದಾರಿಯಿಲ್ಲದೆ ಈ ಕೆಲಸಕ್ಕೆ ಕೈಯನ್ನೂ ಹಾಕುವುದಿಲ್ಲ.

ಪ್ರಶ್ನೆ: ಬ್ಯಾಡಗಿಯಲ್ಲಿ ನಮ್ಮ ದಲಾಲಿ ಅಂಗಡಿಯ ಲೆಕ್ಕದ ಕಂಪ್ಯೂಟರನ್ನು ಮನೆಯಿಂದ ನೋಡಬೇಕಿತ್ತು. ಕಂಪ್ಯೂಟರ್ ರಿಪೇರಿಯವರು ರೌಟರಿನಲ್ಲಿ ಡಿಎಂಝಡ್ ಆನ್ ಮಾಡಿದರು, ಎಲ್ಲ ಪೋರ್ಟಿನ ಸಮಸ್ಯೆಯೂ ಒಂದೇ ಏಟಿಗೆ ಮುಗಿಯಿತು ಎಂದರು. ಸರಿಯೇ?

ಉತ್ತರ: ಈ ಸಾಲು ಓದಿದ ಕೂಡಲೇ ಅದನ್ನು ಆಫ್ ಮಾಡಿರಿ. ಮನೆಬಳಕೆಯ ರೌಟರಿನಲ್ಲಿ ಆ ಗುಂಡಿ ಒತ್ತಿದರೆ ಬೇರೆಡೆಗೆ ಗೊತ್ತು ಮಾಡದ ಪೋರ್ಟುಗಳೆಲ್ಲ ಹೊರಜಗತ್ತಿನಿಂದ ಆ ಒಂದು ಕಂಪ್ಯೂಟರಿಗೆ ನೇರವಾಗಿ ತೆರೆದುಕೊಳ್ಳುತ್ತವೆ. ವಿಂಡೋಸ್‌ನ ರಿಮೋಟ್ ಡೆಸ್ಕ್‌ಟಾಪ್ ಇರುವ 3389 ಅದರಲ್ಲೊಂದು. ಹಳೆಯ ವಿಂಡೋಸ್‌ಗಳಲ್ಲಿ ಪಾಸ್‌ವರ್ಡೇ ಇಲ್ಲದೆ ಆ ಸೇವೆಯ ಮೂಲಕ ಒಳನುಗ್ಗಲು ಬಿಡುವ ಬ್ಲೂಕೀಪ್ ಎಂಬ ದೋಷ 2019ರಲ್ಲಿ ಹೊರಬಿದ್ದಾಗ, ಬೆಂಬಲ ನಿಲ್ಲಿಸಿದ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಹಂಚಿತ್ತು. ಅಂಥದ್ದನ್ನು ಮೆಣಸಿನಕಾಯಿ ಸುಗ್ಗಿಯ ಲೆಕ್ಕವೆಲ್ಲ ಇರುವ ಯಂತ್ರದಲ್ಲಿ ತೆರೆದಿಟ್ಟವರನ್ನು ತಂತ್ರಜ್ಞ ಎಂದು ಕರೆಯಲಾರೆ. ನಿಮಗೆ ಬೇಕಾದದ್ದು ವಿಪಿಎನ್.

ಪ್ರಶ್ನೆ: ಎಸ್‌ಒ ರೀಯೂಸ್‌ಪೋರ್ಟ್ ಎಂಬ ಆಯ್ಕೆ ಬಳಸಿದರೆ ಎರಡು ಬೇರೆ ಪ್ರೋಗ್ರಾಮುಗಳು ಒಂದೇ ಪೋರ್ಟಿನಲ್ಲಿ ಕೂರುತ್ತವೆ ಎಂದು ನಮ್ಮ ಸೀನಿಯರ್ ಹೇಳಿದರು. (ಧಾರವಾಡದ ವಿದ್ಯಾರ್ಥಿ)

ಉತ್ತರ: ಕೂರುತ್ತವೆ, ಆದರೆ ಲಿನಕ್ಸ್ 3.9ರಲ್ಲಿ ಬಂದ ಆ ಸೌಲಭ್ಯ ಇರುವುದು ಒಂದೇ ಕೆಲಸದ ಹಲವು ಆಳುಗಳಿಗೆ. ಮಾತು ಕೇಳದೆ ಹಂಚುವುದರಿಂದ ನಿಮ್ಮ ಅರ್ಧ ಗಿರಾಕಿಗಳು ತಪ್ಪು ಕೋಣೆಗೆ ಹೋಗುತ್ತಾರೆ.

ಪ್ರಶ್ನೆ: ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಪೋರ್ಟನ್ನು ಒಳಗಿನ ಯಂತ್ರಕ್ಕೆ ದಾಟಿಸುವುದು) ಎಷ್ಟು ಸಲ ಮಾಡಿದರೂ ಹೊರಗಿನಿಂದ ಸಂಪರ್ಕ ಬರುತ್ತಿಲ್ಲ. ರೌಟರಿನ ವ್ಯಾನ್ (ಹೊರಬದಿಯ) ವಿಳಾಸ 100.72ರಿಂದ ಆರಂಭವಾಗುತ್ತದೆ. (ಗದಗ)

ಉತ್ತರ: 100.64ರಿಂದ 100.127ರವರೆಗಿನದು ಇಂಟರ್‌ನೆಟ್ ಕೊಡುವವರು ಹಲವು ಗಿರಾಕಿಗಳ ನಡುವೆ ಹಂಚಲು ಇಟ್ಟುಕೊಂಡ ವಿಳಾಸ, ನಿಮ್ಮದಲ್ಲ. ರೌಟರನ್ನು ಬೈಯುವುದು ಬಿಟ್ಟು ಅವರಿಂದ ಸಾರ್ವಜನಿಕ ವಿಳಾಸ ಕೇಳಿರಿ.

ಪ್ರಶ್ನೆ: ಸರ್ವರಿನ ತೆರೆದ ಪೋರ್ಟುಗಳ ಪಟ್ಟಿಯಲ್ಲಿ 443 ಎರಡು ಸಲ ಕಾಣುತ್ತಿದೆ, ವೈರಸ್ ಇರಬಹುದೇ? (ರಾಣೆಬೆನ್ನೂರು)

ಉತ್ತರ: ಒಂದು ಟಿಸಿಪಿ, ಇನ್ನೊಂದು ಯುಡಿಪಿ, ಎರಡಕ್ಕೂ ಪೋರ್ಟುಗಳ ಲೆಕ್ಕ ಬೇರೆ ಬೇರೆ. ಎರಡನೆಯದು ಯುಡಿಪಿ ಮೇಲೆ ಓಡುವ ಹೊಸ ವೆಬ್ ನಿಯಮಾವಳಿಯಾದ ಎಚ್‌ಟಿಟಿಪಿ 3ಕ್ಕಾಗಿ ನಿಮ್ಮ ವೆಬ್ ಸರ್ವರೇ ತೆರೆದದ್ದಾಗಿರಬೇಕು. ಪಟ್ಟಿಯಲ್ಲಿ ಪಕ್ಕದಲ್ಲೇ ಪ್ರೋಗ್ರಾಮಿನ ಹೆಸರು ಇರುತ್ತದೆ, ಓದಿ ನೋಡಿರಿ.