ರಿಪೋರ್ಟ್‌ನಲ್ಲಿ ನಾರ್ಮಲ್, ಆದರೂ ಕಬ್ಬಿಣದ ಡ್ರಿಪ್ ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಮಾವನವರಿಗೆ 66 ವರ್ಷ. ಮೂರು ವರ್ಷದ ಹಿಂದೆ ಹಾರ್ಟ್ ಅಟ್ಯಾಕ್ ಆಗಿತ್ತು. ಈಗ ಪಂಪಿಂಗ್ 35 ಅಂತಾರೆ. ತೋಟದಿಂದ ಮನೆಗೆ ಬರುವಷ್ಟರಲ್ಲಿ ಎರಡು ಕಡೆ ಕೂರುತ್ತಾರೆ. ಹಿಮೋಗ್ಲೋಬಿನ್ 13.2, ಫೆರಿಟಿನ್ 62, ಸ್ಯಾಚುರೇಶನ್ 14. ಫೆರಿಟಿನ್ ಮುಂದೆ ನಾರ್ಮಲ್ ಅಂತಲೇ ಇದೆ. ಆದರೂ ಹಾರ್ಟ್ ಡಾಕ್ಟರು ಕಬ್ಬಿಣದ ಡ್ರಿಪ್ ಹಾಕಬೇಕು ಅಂದರು. ಕಬ್ಬಿಣ ಜಾಸ್ತಿಯಾದರೆ ಹಾರ್ಟ್ ಅಟ್ಯಾಕ್ ಆಗುತ್ತೆ ಅಂತ ಮೈದುನ ವಾಟ್ಸಾಪ್ ತೋರಿಸುತ್ತಾರೆ. ಬೀಟ್‌ರೂಟ್ ಜ್ಯೂಸ್ ಸಾಕಾಗಲ್ವಾ?
— ಒಬ್ಬ ಸೊಸೆ, ತಿಪಟೂರು

ಉತ್ತರ: ನಂಬರುಗಳನ್ನೆಲ್ಲ ಬರೆದು ಕಳಿಸಿದ್ದೀರಿ ತಂಗಿ, ಅರ್ಧ ಕೆಲಸ ಅಲ್ಲೇ ಮುಗಿಯಿತು. ಎಷ್ಟೋ ಜನ ‘ರಕ್ತ ಕಡಿಮೆ’ ಅಂತ ಒಂದೇ ಸಾಲು ಬರೆಯುತ್ತಾರೆ.

ಲ್ಯಾಬಿನವರು ಹಾಕುವ ನಾರ್ಮಲ್ ಆರೋಗ್ಯವಂತರ ಲೆಕ್ಕ. ಫೆರಿಟಿನ್ ಅಂದರೆ ಕಬ್ಬಿಣದ ಕಣಜ. ಆದರೆ ಮೈಯಲ್ಲಿ ಉರಿಯೂತ ಇದ್ದರೆ ಕಣಜ ಖಾಲಿಯಾಗುತ್ತಿದ್ದರೂ ಈ ನಂಬರು ಮೇಲೇ ನಿಲ್ಲುತ್ತದೆ. ನಿಮ್ಮ ಮಾವನವರಂತೆ ಪಂಪಿಂಗ್ ಕಡಿಮೆಯಾದ, ಅಂದರೆ ಹೃದಯ ಸೋತವರಲ್ಲಿ ಇದು ಮಾಮೂಲು. ಅದಕ್ಕೇ ಅವರಿಗೆ ಗೆರೆಯನ್ನು 100ಕ್ಕೆ ಎಳೆದಿದ್ದಾರೆ. 100ರಿಂದ 299ರ ನಡುವೆ ಇದ್ದರೂ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಶೇಕಡ ಎಷ್ಟು ತುಂಬಿದೆ ಅನ್ನುವ ಲೆಕ್ಕ) 20ಕ್ಕಿಂತ ಕೆಳಗಿದ್ದರೆ ಕೊರತೆ ಅಂತಲೇ ಲೆಕ್ಕ. ನಿಮ್ಮ ಮಾವನವರದು ಎರಡೂ ಕಡಿಮೆ.

ಹಿಮೋಗ್ಲೋಬಿನ್ ಚೆನ್ನಾಗಿದೆಯಲ್ಲ ಅಂತೀರಾ? ಕಬ್ಬಿಣ ಬೇಕಾಗಿರುವುದು ರಕ್ತಕ್ಕೆ ಮಾತ್ರ ಅಲ್ಲ. ಹೃದಯದ ಸ್ನಾಯು, ಕಾಲಿನ ಸ್ನಾಯು ತಮ್ಮ ಶಕ್ತಿ ತಯಾರಿಸಿಕೊಳ್ಳುವುದಕ್ಕೂ ಅದು ಬೇಕು. ದಾರಿಯಲ್ಲಿ ಎರಡು ಕಡೆ ಕೂರುವುದಕ್ಕೆ ಇದೂ ಒಂದು ಕಾರಣ ಇರಬಹುದು.

ಮಾತ್ರೆ ಯಾಕೆ ಕೊಡಲಿಲ್ಲ ಅಂದರೆ, ಉರಿಯೂತ ಇದ್ದಾಗ ಲಿವರ್ ಹೆಪ್ಸಿಡಿನ್ ಅನ್ನುವ ಹಾರ್ಮೋನನ್ನು ಜಾಸ್ತಿ ಬಿಡುತ್ತದೆ. ಅದು ಕಬ್ಬಿಣ ಒಳಗೆ ಬಾರದಂತೆ ಕರುಳಿನ ಬಾಗಿಲು ಹಾಕಿಬಿಡುತ್ತದೆ. ಅಮೆರಿಕದಲ್ಲಿ ಇಂಥ 225 ರೋಗಿಗಳಲ್ಲಿ ಸುಮಾರು ಅರ್ಧ ಜನರಿಗೆ 16 ವಾರ ಕಬ್ಬಿಣದ ಮಾತ್ರೆ, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟು ನೋಡಿದರು; 2017ರಲ್ಲಿ ಫಲಿತಾಂಶ ಬಂತು. ಓಡಾಡುವ ಶಕ್ತಿ ಹೆಚ್ಚಲಿಲ್ಲ. ಮಾತ್ರೆಗೇ ಹೀಗಾದರೆ ಬೀಟ್‌ರೂಟ್ ಏನು ಮಾಡೀತು! ಅದರ ಬಣ್ಣ ರಕ್ತದ್ದು, ಕಬ್ಬಿಣ ಸ್ವಲ್ಪವೇ. ಹುರುಳಿ ಸಾರು, ನುಗ್ಗೆ ಸೊಪ್ಪು ಧಾರಾಳವಾಗಿ ಕೊಡಿ, ನಿಂಬೆಹಣ್ಣು ಹಿಂಡಿ. ಉಪ್ಪಿನಕಾಯಿ ಬೇಡ. ಊಟದ ಬೆನ್ನಿಗೇ ಕಾಫಿ ಬೇಡ.

ಡ್ರಿಪ್ ಹಾಕಿದರೆ ಅನೇಕರಿಗೆ ಏದುಸಿರು, ಸುಸ್ತು ಕಡಿಮೆಯಾಗುತ್ತದೆ. ಆಯಸ್ಸು ಹೆಚ್ಚುತ್ತದೆ ಅಂತ ಮಾತ್ರ ನಾನು ಹೇಳುವುದಿಲ್ಲ. ಆಸ್ಪತ್ರೆಯಲ್ಲೇ ಹಾಕಿಸಿ, ಆಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ. ಅಪರೂಪಕ್ಕೆ ಅಲರ್ಜಿ ಆಗುವುದುಂಟು.

ಮೈದುನರ ಮಾತು ಪೂರ್ತಿ ಗಾಳಿ ಸುದ್ದಿ ಅಲ್ಲ. 1981ರಲ್ಲಿ ಜೆರೋಮ್ ಸಲ್ಲಿವನ್ ಅನ್ನುವ ಅಮೆರಿಕದ ವೈದ್ಯರು, ಮುಟ್ಟಾಗುವ ಹೆಂಗಸರಲ್ಲಿ ಹೃದ್ರೋಗ ಕಡಿಮೆ ಇರುವುದಕ್ಕೆ ಕಬ್ಬಿಣ ಕಡಿಮೆ ಇರುವುದೇ ಕಾರಣ ಇರಬಹುದು ಅಂದಿದ್ದರು. ಆಮೇಲೆ ಕಾಲಿನ ರಕ್ತನಾಳ ಕಟ್ಟಿದ್ದ 1,277 ಜನರಲ್ಲಿ ಒಂದು ಗುಂಪಿನಿಂದ ಆಗಾಗ ರಕ್ತ ತೆಗೆದು ಕಬ್ಬಿಣ ಇಳಿಸಿ ನೋಡಿದರು. 2007ರಲ್ಲಿ ಫಲಿತಾಂಶ ಬಂತು. ಒಟ್ಟು ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಆದರೆ ಥಲಸ್ಸೀಮಿಯಾ ಅನ್ನುವ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇದ್ದು ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಮಕ್ಕಳಂಥವರಲ್ಲಿ ಕಬ್ಬಿಣ ಹೃದಯದಲ್ಲಿ ಕೂತು ನಿಜವಾಗಿಯೂ ಕೆಡಿಸಬಹುದು. ನಿಮ್ಮ ಮಾವನವರ ಕಥೆ ಅದಕ್ಕೆ ಪೂರ್ತಿ ಉಲ್ಟಾ.

ನಾನು ಕೇಳುವ ಪ್ರಶ್ನೆ ಬೇರೆ. ಇವರ ಕಬ್ಬಿಣ ಹೋಗಿದ್ದು ಎಲ್ಲಿಗೆ? ಅಟ್ಯಾಕ್ ಆದವರು, ಆಸ್ಪಿರಿನ್ ತಗೊಳ್ತಿರಬೇಕು ಅಲ್ವಾ? ಅದರಿಂದ ಹೊಟ್ಟೆಯಲ್ಲಿ ಸ್ವಲ್ಪ ಸ್ವಲ್ಪವೇ ರಕ್ತ ಸೋರಬಹುದು. ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ಹೊಸಬನಾಗಿದ್ದಾಗ ಒಬ್ಬ ಅಜ್ಜನಿಗೆ ಮೂರು ತಿಂಗಳು ಕಬ್ಬಿಣದ ಮಾತ್ರೆ ಬರೆದುಕೊಟ್ಟೆ. ಮಲ ಕಪ್ಪಾಗಿದೆ ಅಂತ ಅಜ್ಜ ಹೇಳಿದಾಗ, ಮಾತ್ರೆಗೆ ಹಾಗೇ ಆಗೋದು ಅಂದು ಕಳಿಸಿದೆ. ಕೊನೆಗೆ ನೋಡಿದರೆ ಹೊಟ್ಟೆಯ ಹುಣ್ಣು ಸೋರುತ್ತಿತ್ತು. ಅಜ್ಜ ಬದುಕಿದರು, ಅದು ನನ್ನ ಪುಣ್ಯ.

ಹಾಗಾಗಿ ಮಲ ಪರೀಕ್ಷೆ, ಬೇಕಾದರೆ ಎಂಡೋಸ್ಕೋಪಿ ಬಗ್ಗೆ ಡಾಕ್ಟರನ್ನು ಕೇಳಿ. ನೀವಾಗಿಯೇ ಆಸ್ಪಿರಿನ್ ನಿಲ್ಲಿಸಬೇಡಿ. ಇನ್ನೊಂದು, ಡ್ರಿಪ್ಪಿನ ಕಬ್ಬಿಣ ಮಾತ್ರೆಯ ಹಾಗೆ ಮಲವನ್ನು ಕಪ್ಪು ಮಾಡುವುದಿಲ್ಲ. ಡ್ರಿಪ್ ಆದ ಮೇಲೆ ಡಾಂಬರಿನಂತೆ ಕಪ್ಪಗೆ ಹೋದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.