ಒಂದು ಪುಲ್ ರಿಕ್ವೆಸ್ಟ್ ಕಳಿಸಿ ಕಾಣೆಯಾಗುವ ಹುಡುಗರು
ದಾವಣಗೆರೆ ಕಾಲೇಜಿನ ಹುಡುಗರು ಒಮ್ಮೆ ಪುಲ್ ರಿಕ್ವೆಸ್ಟ್ (ನನ್ನ ಕೋಡ್ ಬದಲಾವಣೆ ಸೇರಿಸಿಕೊಳ್ಳಿ ಅನ್ನೋ ಕೋರಿಕೆ) ಕಳಿಸಿದವರು ಮತ್ತೆ ಬರಲ್ಲ, ಹನ್ನೆರಡು ವರ್ಷದ ಸಾಫ್ಟ್‌ವೇರ್ ಪ್ರಾಜೆಕ್ಟನ್ನು ನೋಡಿಕೊಳ್ಳೋನು ನಾನೊಬ್ಬನೇ ಅಂದಿದ್ದೀರಿ. ಅವರಿಗೆ ಆಸಕ್ತಿ ಕಮ್ಮಿ ಅಂತಲ್ಲ, ಬಹುಶಃ ನಿಮ್ಮ ಉತ್ತರ ತಡವಾಗ್ತಿದೆ.

ಮೊದಲು ಬಾಕಿ ಇರೋ ಪುಲ್ ರಿಕ್ವೆಸ್ಟಿಗೆಲ್ಲ ಒಂದೊಂದು ಸಾಲು ಉತ್ತರ ಹಾಕಿ. ಬೇಡದ್ದನ್ನು ಕಾರಣ ಬರೆದು ಮುಚ್ಚಿ. ಆಮೇಲೆ ರೆಪೊವನ್ನು (ಪ್ರಾಜೆಕ್ಟಿನ ಕೋಡ್ ಇಟ್ಟಿರೋ ಜಾಗ) ಸ್ವಂತ ಖಾತೆಯಿಂದ ಗಿಟ್‌ಹಬ್ ಆರ್ಗನೈಸೇಶನ್‌ಗೆ (ಹಲವರು ಸೇರಿ ನಡೆಸೋ ಖಾತೆ) ವರ್ಗಾಯಿಸಿ. ಸ್ವಂತ ಖಾತೆಯಲ್ಲಿ ಯಾರನ್ನು ಸೇರಿಸಿದರೂ ಕೋಡ್ ಬದಲಿಸೋ ಹಕ್ಕು ಸಿಕ್ಕಿಬಿಡುತ್ತೆ. ಆರ್ಗನೈಸೇಶನ್‌ನಲ್ಲಿ ‘ಟ್ರಯಾಜ್’ ಪಾತ್ರ ಇದೆ: ಇಶ್ಯೂಗೆ (ದೋಷ ಅಥವಾ ಬಾಕಿ ಕೆಲಸದ ನಮೂದು) ಲೇಬಲ್ ಹಚ್ಚಬಹುದು, ಮುಚ್ಚಬಹುದು, ಕೋಡ್ ಮುಟ್ಟೋಕಾಗಲ್ಲ. ಒಳ್ಳೇ ಪ್ರಶ್ನೆ ಕೇಳಿದ ಇಬ್ಬರಿಗೆ ಅದನ್ನು ಕೊಡಿ. ಹಳೇ ಲಿಂಕ್ ತಾನಾಗೇ ಹೊಸ ಜಾಗಕ್ಕೆ ತಿರುಗುತ್ತೆ. ಆದರೆ ಹಳೇ ಹೆಸರಲ್ಲೇ ಇನ್ನೊಂದು ರೆಪೊ ತೆರೆದರೆ ಆ ತಿರುವು ಕೆಡುತ್ತೆ.

‘ಗುಡ್ ಫಸ್ಟ್ ಇಶ್ಯೂ’ (ಹೊಸಬರು ಶುರು ಮಾಡೋಕೆ ಒಳ್ಳೇ ಕೆಲಸ) ಲೇಬಲ್ ಹಚ್ಚಿದಲ್ಲೆಲ್ಲ ಯಾವ ಫೈಲ್ ತಿದ್ದಬೇಕು, ಯಾವ ಟೆಸ್ಟ್ ಓಡಿಸಬೇಕು ಅಂತ ಬರೆಯಿರಿ.