ಓದುಗರ ಪ್ರಶ್ನೆ: ಎರಡು ಕಲ್ವರಿಗಳ ನಡುವಿನ ಐವತ್ತು ವರ್ಷ

ಪ್ರಶ್ನೆ: ಐಎನ್‌ಎಸ್ ಕಲ್ವರಿ ಸಬ್‌ಮರೀನ್ 1996ರಲ್ಲಿ ನಿವೃತ್ತಿಯಾಯಿತು ಅಂತ ಒಂದು ಕಡೆ ಓದಿದೆ. ಇನ್ನೊಂದು ಕಡೆ ಅದು ನೌಕಾಪಡೆಗೆ ಸೇರಿದ್ದೇ 2017ರಲ್ಲಿ ಅಂತ ಇದೆ. ಯಾವುದು ಸರಿ?

ಉತ್ತರ: ಎರಡೂ ಸರಿ, ಯಾಕಂದ್ರೆ ಕಲ್ವರಿ ಎರಡಿವೆ. ನಿವೃತ್ತಿಯಾದ ಹಡಗಿನ ಹೆಸರನ್ನು ಹೊಸದಕ್ಕೆ ಇಡುವ ಪದ್ಧತಿ ನೌಕಾಪಡೆಯಲ್ಲಿದೆ. ಮನೆಯಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುತ್ತೇವಲ್ಲ, ಹಾಗೆ. ಆಳ ಸಮುದ್ರದ ಹುಲಿ ಶಾರ್ಕ್‌ಗೆ ಮಲಯಾಳದಲ್ಲಿ ಕಲ್ವರಿ ಅನ್ನುತ್ತಾರೆ.

ಮೊದಲ ಕಲ್ವರಿಯೇ ಭಾರತದ ಮೊದಲ ಸಬ್‌ಮರೀನ್. ನಮ್ಮವರು ಮೊದಲು ತರಬೇತಿಗೆ ಹೋಗಿದ್ದು ಬ್ರಿಟನ್‌ಗೆ. ಆದರೆ ಸಬ್‌ಮರೀನ್ ಕೊಳ್ಳುವ ಮಾತು ಅಲ್ಲಿ ಕುದುರಲಿಲ್ಲ. 1965ರಲ್ಲಿ ಸೋವಿಯತ್ ಒಕ್ಕೂಟದ ಜೊತೆ ಒಪ್ಪಂದವಾಯಿತು. ಈಗ ಸ್ವಲ್ಪ ಯೋಚಿಸಿ, ಇಂಗ್ಲಿಷ್‌ನಲ್ಲಿ ಕಲಿತು ಬಂದವರು ಮತ್ತೆ ರಷ್ಯನ್ ಭಾಷೆಯ ಅಕ್ಷರಮಾಲೆಯಿಂದ ಶುರು ಮಾಡಬೇಕಾಯಿತು, ಯಾಕಂದ್ರೆ ಪಾಠ, ಕೈಪಿಡಿ, ಒಳಗಿನ ಮೀಟರುಗಳ ಮೇಲಿನ ಬರಹ ಎಲ್ಲವೂ ರಷ್ಯನ್‌ನಲ್ಲೇ ಇದ್ದವು. ನೀರಿನಡಿಯಲ್ಲಿ ಯಾವ ವಾಲ್ವ್ ಯಾವುದು ಅಂತ ಒಂದು ಸಲ ತಪ್ಪಿದರೂ ಜೀವಕ್ಕೆ ಅಪಾಯ. ಅವರ ಈ ಕಷ್ಟದ ಬಗ್ಗೆ ನಾವು ಮಾತಾಡುವುದು ಬಹಳ ಕಡಿಮೆ.

1967ರ ಡಿಸೆಂಬರ್ 8ರಂದು, ಈಗ ಲಾಟ್ವಿಯಾದಲ್ಲಿರುವ ರೀಗಾ ಬಂದರಿನಲ್ಲಿ ಕಲ್ವರಿ ಸೇವೆಗೆ ಸೇರಿತು. ಕಮಾಂಡರ್ ಕೆ.ಎಸ್. ಸುಬ್ರಮಣಿಯನ್ ಅದರ ಮೊದಲ ಕ್ಯಾಪ್ಟನ್. ನೌಕಾಪಡೆ ಪ್ರತಿವರ್ಷ ಡಿಸೆಂಬರ್ 8ರಂದು ಸಬ್‌ಮರೀನ್ ದಿನ ಆಚರಿಸುವುದು ಇದೇ ಕಾರಣಕ್ಕೆ. ಅದನ್ನು ಮನೆಗೆ ತರುವುದೂ ಸುಲಭವಿರಲಿಲ್ಲ. ಆ ವರ್ಷದ ಜೂನ್‌ನ ಅರಬ್-ಇಸ್ರೇಲ್ ಯುದ್ಧದಿಂದ ಸೂಯೆಜ್ ಕಾಲುವೆ ಮುಚ್ಚಿತ್ತು, ಹಾಗಾಗಿ ಇಡೀ ಆಫ್ರಿಕಾ ಖಂಡವನ್ನು ಸುತ್ತಿಕೊಂಡು ಬಂದು 1968ರ ಜುಲೈನಲ್ಲಿ ವಿಶಾಖಪಟ್ಟಣ ಮುಟ್ಟಿದರು. ಆಮೇಲೆ ಖಂಡೇರಿ, ಕರಂಜ್, ಕುರ್ಸುರ ಬಂದವು.

ಪ್ರಶ್ನೆ: 1971ರ ಯುದ್ಧದಲ್ಲಿ ಪಾಕಿಸ್ತಾನದ ಘಾಜಿ ಸಬ್‌ಮರೀನನ್ನು ಮುಳುಗಿಸಿದ್ದು ನಮ್ಮ ಸಬ್‌ಮರೀನಾ?

ಉತ್ತರ: ಅಲ್ಲ. ತುಂಬಾ ಜನ ಹೀಗೇ ತಿಳಿದುಕೊಂಡಿದ್ದಾರೆ. ವಿಕ್ರಾಂತ್ ಯುದ್ಧನೌಕೆಯನ್ನು ಹುಡುಕಿಕೊಂಡು ಬಂದಿದ್ದ ಘಾಜಿ, ಡಿಸೆಂಬರ್ 3ರ ನಡುರಾತ್ರಿಯ ಹೊತ್ತಿಗೆ ವಿಶಾಖಪಟ್ಟಣದ ಹೊರಗೆ ಮುಳುಗಿತು. ನೀರಿನ ಮೇಲಿನ ಹಡಗಾದ ಐಎನ್‌ಎಸ್ ರಜಪೂತ್ ಹಾಕಿದ ಸಿಡಿಗುಂಡುಗಳಿಂದ ಅಂತ ನಮ್ಮ ನೌಕಾಪಡೆ ಹೇಳುತ್ತದೆ. ಒಳಗೇ ಆದ ಸ್ಫೋಟದಿಂದ ಅನ್ನುವ ವಾದವೂ ಇದೆ.

ಹಾಗಾದರೆ ನಮ್ಮ ಸಬ್‌ಮರೀನುಗಳು ಏನು ಮಾಡುತ್ತಿದ್ದವು? ಕಾಯುತ್ತಿದ್ದವು. ಕರಂಜ್ ಬೋಟ್ (ಸಬ್‌ಮರೀನಿನವರು ತಮ್ಮದನ್ನು ಹಡಗು ಅನ್ನುವುದಿಲ್ಲ, ಬೋಟ್ ಅಂತಾರೆ) ಅರಬ್ಬಿ ಸಮುದ್ರದಲ್ಲಿ ಪಾಕಿಸ್ತಾನದ ಕಡೆ ಗಸ್ತು ತಿರುಗಿತು. ಎದುರಿನದು ಶತ್ರುವಿನ ಹಡಗೇ ಅಂತ ಖಚಿತವಾಗದೆ ಟಾರ್ಪೆಡೊ ಬಿಡುವಂತಿರಲಿಲ್ಲ. ನೀರಿನಡಿ ಬ್ಯಾಟರಿಯಲ್ಲಿ ಓಡಬೇಕು. ಬ್ಯಾಟರಿ ಇಳಿದಾಗ ಮೇಲ್ಮೈ ಹತ್ತಿರ ಬಂದು, ಸ್ನಾರ್ಕೆಲ್ ಕೊಳವೆ ಮಾತ್ರ ಹೊರಗೆ ಚಾಚಿ, ಗಾಳಿ ಎಳೆದುಕೊಂಡು ಡೀಸೆಲ್ ಎಂಜಿನ್ ಓಡಿಸಿ ಚಾರ್ಜ್ ಮಾಡಬೇಕು. ಸಿಕ್ಕಿಬೀಳುವ ಭಯ ಜಾಸ್ತಿ ಇರುವುದು ಆಗಲೇ. ಶತ್ರುವಿನ ಹತ್ತಿರ ದಿನಗಟ್ಟಲೆ ಹೀಗಿದ್ದು ಬೋಟನ್ನೂ ಜನರನ್ನೂ ಸುರಕ್ಷಿತವಾಗಿ ವಾಪಸ್ ತಂದ ಕ್ಯಾಪ್ಟನ್ ವಿ.ಎಸ್. ಶೇಖಾವತ್ ಅವರಿಗೆ ವೀರ ಚಕ್ರ ಬಂತು. ಮುಂದೆ 1993ರಲ್ಲಿ ಅವರು ನೌಕಾಪಡೆಯ ಮುಖ್ಯಸ್ಥರಾದರು.

ನಾವು ಕಳೆದುಕೊಂಡಿದ್ದೂ ಇದೆ. ಡಿಸೆಂಬರ್ 9ರಂದು ದೀವ್ ಹತ್ತಿರ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ನಮ್ಮ ಯುದ್ಧನೌಕೆ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ.

ಪ್ರಶ್ನೆ: ನಮ್ಮಲ್ಲೇ ಸಬ್‌ಮರೀನ್ ಕಟ್ಟುವುದು ಯಾಕೆ ಇಷ್ಟು ತಡವಾಯಿತು?

ಉತ್ತರ: ತಡವಾಗಿ ಶುರು ಮಾಡಲಿಲ್ಲ, ಶುರು ಮಾಡಿ ನಿಲ್ಲಿಸಿದೆವು. ನನಗೆ ಇಡೀ ಕಥೆಯಲ್ಲಿ ಹೆಚ್ಚು ಬೇಸರ ತರುವ ಭಾಗ ಇದೇ. 1981ರಲ್ಲಿ ಜರ್ಮನಿಯ ಎಚ್‌ಡಿಡಬ್ಲ್ಯೂ ಕಂಪನಿಯ ಜೊತೆ ಒಪ್ಪಂದವಾಗಿತ್ತು. ಎರಡು ಬೋಟ್ ಅಲ್ಲಿ, ಎರಡು ಮುಂಬೈನ ಮಜಗಾಂವ್ ಡಾಕ್‌ನಲ್ಲಿ. ಇಲ್ಲಿ ಕಟ್ಟಿದ ಶಾಲ್ಕಿ 1992ರಲ್ಲಿ, ಶಂಕುಲ್ 1994ರಲ್ಲಿ ಸೇವೆಗೆ ಸೇರಿದವು. ಆದರೆ ಅಷ್ಟರಲ್ಲಾಗಲೇ ಆ ವ್ಯವಹಾರದಲ್ಲಿ ಕಮಿಷನ್ ಕೊಡಲಾಗಿದೆ ಎಂಬ ಆರೋಪ ಎದ್ದು, ಮುಂದೆ ಕಟ್ಟಬಹುದಾಗಿದ್ದ ಇನ್ನೆರಡನ್ನು ಕೈಬಿಡಲಾಗಿತ್ತು.

ಸಬ್‌ಮರೀನಿನ ಉಕ್ಕಿನ ಹೊರಕವಚಕ್ಕೆ ವೆಲ್ಡಿಂಗ್ ಮಾಡುವುದು ಎಲ್ಲರಿಂದ ಆಗುವ ಕೆಲಸವಲ್ಲ. ಒಂದು ಬೆಸುಗೆ ಕೆಟ್ಟರೆ ಆಳದಲ್ಲಿ ನೀರಿನ ಒತ್ತಡಕ್ಕೆ ಎಲ್ಲರ ಪ್ರಾಣ ಹೋಗುತ್ತದೆ. ಅಂಥ ಕೈಗಳನ್ನು ತಯಾರು ಮಾಡಿ ಆಮೇಲೆ ಕೆಲಸವನ್ನೇ ಕೊಡದಿದ್ದರೆ ಆ ವಿದ್ಯೆ ಉಳಿಯುತ್ತದಾ? ತನಿಖೆ ಬೇಕೇ ಬೇಕಿತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅದರ ಜೊತೆ ಕಾರ್ಖಾನೆಯ ಕೆಲಸವೂ ನಿಂತಿದ್ದು ದೊಡ್ಡ ನಷ್ಟ. 2005ರಲ್ಲಿ ಫ್ರೆಂಚ್ ವಿನ್ಯಾಸದ ಸ್ಕಾರ್ಪೀನ್‌ಗೆ ಒಪ್ಪಂದವಾಗಿ, ಅದೇ ಮಜಗಾಂವ್‌ನಲ್ಲಿ ಬಹುಪಾಲು ಹೊಸದಾಗಿ ಕಲಿತು, ಎರಡನೇ ಕಲ್ವರಿ ಸೇವೆಗೆ ಬಂದಿದ್ದು 2017ರ ಡಿಸೆಂಬರ್ 14ಕ್ಕೆ. ಶಂಕುಲ್ ಆದ ಮೇಲೆ 23 ವರ್ಷ! ಈ ಸಾಲಿನ ಆರನೆಯದು ವಾಗ್‌ಶೀರ್, 2025ರ ಜನವರಿಯಲ್ಲಿ ಬಂತು. ಪರಮಾಣು ಶಕ್ತಿಯ ಅರಿಹಂತ್ ಬೇರೆಯದೇ ದಾರಿ, ಅದು ವಿಶಾಖಪಟ್ಟಣದಲ್ಲಿ ತಯಾರಾಯಿತು.

ಪ್ರಶ್ನೆ: ಸಬ್‌ಮರೀನ್ ಒಳಗೆ ಹೋಗಿ ನೋಡಬಹುದಾ?

ಉತ್ತರ: ಖಂಡಿತ. 1969ರಿಂದ 2001ರವರೆಗೆ ಸೇವೆಯಲ್ಲಿದ್ದ ಕುರ್ಸುರವನ್ನು ವಿಶಾಖಪಟ್ಟಣದ ಆರ್‌ಕೆ ಬೀಚ್‌ನಲ್ಲಿ ಮ್ಯೂಸಿಯಂ ಮಾಡಿದ್ದಾರೆ. 91 ಮೀಟರ್ ಉದ್ದ ಇದ್ದರೂ ಒಳಗೆ ಇಬ್ಬರು ಎದುರುಬದುರಾದರೆ ಒಬ್ಬರು ಮೈ ಓರೆ ಮಾಡಬೇಕು. ಸುಮಾರು 75 ಜನ ಅದರಲ್ಲೇ ತಿಂಗಳುಗಟ್ಟಲೆ ಇರುತ್ತಿದ್ದರು. ನೌಕಾಪಡೆಯಿಂದ ನಿವೃತ್ತರಾದವರೇ ಅಲ್ಲಿ ಗೈಡ್‌ಗಳಾಗಿದ್ದಾರೆ. ಸುಮ್ನೆ ನೋಡಿಕೊಂಡು ಬರಬೇಡಿ, ಅವರನ್ನು ಮಾತಾಡಿಸಿ.